ವಿಭೂತಿ ಹಚ್ಚಿದ ಬಂಡೆವೀರ

ನನ್ನ ತಮ್ಮ ಚನ್ನಮಲ್ಲಯ್ಯ ಲಿಂಗೈಕ್ಯನಾದ ಸುದ್ದಿ ತುಮಕೂರಿನ ಆಸ್ಪತ್ರೆಯಿಂದ ಮಧುಗಿರಿಗೆ ಮುಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ. ಬಂಡೆವೀರ ಕಾಣೆಯಾದ ಸುದ್ದಿ ತಿಳಿದದ್ದು ಮರುದಿನ ಮಂಗಳವಾರ. ಮೊದಲನೆಯ ಸುದ್ದಿಗೆ ಅತ್ತವರೇ ಎರಡನೆಯದಕ್ಕೂ ಅತ್ತರು. ಎರಡನೆಯದಕ್ಕೆ ಒಂದಿಷ್ಟು ಜೋರಾಗಿಯೇ ಅತ್ತರೆಂದು ಹೇಳಿದರೆ ಹೋದವನು ಬೇಸರ ಮಾಡಿಕೊಳ್ಳಲಾರ. ಬಂಡೆವೀರ ಯಾರೆಂಬುದು ಅವನಿಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ.

ಚನ್ನಮಲ್ಲಯ್ಯನದು ಹಿಟ್ಟಿನ ಗಿರಣಿ. ರಾಗಿ ಬೀಸುವುದು ಅವನ ಕಸುಬು. ಚಿತ್ರಕಥೆಯ ಪುಸ್ತಕ ಓದುವುದು ಅವನ ವ್ರತ. ಚಡ್ಡಿ ಹಾಕುವ ಕಾಲದಲ್ಲಿ ಹಿಡಿದ ವ್ರತವನ್ನು ಮೀಸೆ ಬೆಳ್ಳಗಾದರೂ ಬಿಡಲಿಲ್ಲ. ಗಿರಣಿಯ ಸದ್ದಿನಲ್ಲಿ ಮನಸ್ಸಿನೊಳಗೆ ಓದಿಕೊಂಡರೆ ತನಗೇ ಕೇಳಿಸುವುದಿಲ್ಲವೆಂದು ಅವನು ಕೂಗಿ ಓದುತ್ತಿದ್ದ. ರಾಗಿ ಡಬ್ಬ ಹೊತ್ತು ಬಂದ ಹೆಂಗಸರು ಹಿಟ್ಟು ಕೈಗೆ ಬಂದ ಮೇಲೂ ಕಥೆ ಮುಗಿಯುವ ತನಕ ಕದಲುತ್ತಿರಲಿಲ್ಲ. ಇದರಿಂದ ಊರಿನ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಮುದ್ದೆ ಸಂಜೆಗೆ ಬಿದ್ದದ್ದುಂಟು.

ಅವನಲ್ಲಿದ್ದ ಪುಸ್ತಕಗಳಲ್ಲೆಲ್ಲ ಅವನಿಗೆ ಪ್ರಾಣವಾದದ್ದು ‘ಬಂಡೆವೀರ ಮತ್ತು ಪಾತಾಳದ ಗಡಿಯಾರ’. ಬಂಡೆವೀರನೆಂದರೆ ಹಣೆಯಿಂದ ಗುದ್ದಿಯೇ ಬಂಡೆ ಒಡೆಯುವ ಶೂರ. ಆ ಕಾರಣಕ್ಕೆ ಚಿತ್ರ ಬರೆದವರು ಅವನಿಗೆ ಮುಖಕ್ಕಿಂತ ಹಣೆಯನ್ನೇ ಹೆಚ್ಚಾಗಿ ಬರೆದಿದ್ದರು. ಅಷ್ಟು ವಿಶಾಲವಾದ ಹಣೆ ಬರಿದಾಗಿರುವುದು ನನ್ನ ತಮ್ಮನಿಗೆ ಸರಿಕಾಣಲಿಲ್ಲ. ಆಯುಧಪೂಜೆಯ ದಿನ ಮೋಟಾರಿಗೆ, ಬೆಲ್ಟಿಗೆ, ತಕ್ಕಡಿಗೆ ವಿಭೂತಿ ಹಚ್ಚುತ್ತ ಬಂದವನು ಅದೇ ಮೂರು ಬೆರಳುಗಳಿಂದ ಬಂಡೆವೀರನಿಗೂ ಹಚ್ಚಿದ. ವರ್ಷ ವರ್ಷವೂ ಹಚ್ಚಿದ. ಗೆರೆಯ ಮೇಲೆ ಗೆರೆ ಕೂತು, ಕೊನೆಗೆ ಬಂಡೆವೀರನು ಹುಟ್ಟಿನಿಂದಲೇ ಶಿವಭಕ್ತನೇನೋ ಎಂಬಂತೆ ಕಾಣುತ್ತಿದ್ದ.

ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುತ್ತಾರೆ. ಹೋದವರಿಗೆ ಯಾವುದು ಇಷ್ಟವೋ ಅದನ್ನು ಎಡೆಯಿಟ್ಟು, ಕಾಗೆ ಬಂದು ಮುಟ್ಟಲೆಂದು ಕಾಯುತ್ತಾರೆ. ಕಾಗೆಯನ್ನು ಕಾಯಬೇಕೆಂದು ನಮ್ಮ ಗುರುಗಳು ಎಲ್ಲಿಯೂ ಹೇಳಿಲ್ಲ. ಆದರೆ ನಮ್ಮ ಕಡೆಯ ಹೆಂಗಸರು ಗುರುಗಳನ್ನು ಕೇಳಿಕೊಂಡು ಕಾಗೆ ಕಾಯುವವರಲ್ಲ. ಕಾಗೆ ಮುಟ್ಟಿದರೆ ಹೋದವರು ನೆಮ್ಮದಿಯಾಗಿ ಹೋದರು. ಮುಟ್ಟದಿದ್ದರೆ ಏನೋ ಆಸೆ ಉಳಿದು ಇಲ್ಲೇ ಸುಳಿದಾಡುತ್ತಿದ್ದಾರೆ. ಇದಿಷ್ಟೇ ಅವರ ಶಾಸ್ತ್ರ.

ತಮ್ಮನನ್ನು ಸೋಮವಾರವೇ ಮಣ್ಣು ಮಾಡಿದ್ದೆವು. ಮಂಗಳವಾರ ಬೆಳಿಗ್ಗೆ ಅವನ ಹೆಂಡತಿ ಕಮಲಾಕ್ಷಮ್ಮ ಟ್ರಂಕಿನ ಮುಂದೆ ಕುಳಿತು ನನ್ನನ್ನು ಕರೆದಳು.

“ಬಾವ, ನಾಳೀಕೆ ಎಲ್ಲಾ ಹೊಂದಿಸ್ದೆ. ಕೋಡುಬಳೆ ಆಯ್ತು, ನಶ್ಯದ ಡಬ್ಬಿ ಆಯ್ತು. ಅವರ ಬಂಡೆವೀರ ಒಂದು ಕಾಣಂಗಿಲ್ಲ. ಅದನ್ನ ಇಡದೆ ಹೋದ್ರೆ ಕಾಗೆ ಮುಟ್ಟೀತಾ?”

ಟ್ರಂಕಿನಲ್ಲಿ ಉಳಿದೆಲ್ಲ ಪುಸ್ತಕಗಳೂ ಇದ್ದವು. ಅವಳ ಮಗಳು ಲೋಹಿತಾ ತನ್ನ ಗಂಡನ ಕಡೆ ನೋಡಿದಳು. ಗಂಡನಾದವರು ತಲೆಯೆತ್ತಿ ಫ್ಯಾನನ್ನು ನೋಡುತ್ತಿದ್ದರು.

ಇವರೇ ನಮ್ಮ ಅಳಿಯಂದಿರು, ಪರಮೇಶ್. ಅಳಿಯನನ್ನು ಏಕವಚನದಲ್ಲಿ ಹೇಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಈ ಕಥೆಯಲ್ಲಿ ಆ ಪದ್ಧತಿಯನ್ನು ಪಾಲಿಸುವುದು ಕಷ್ಟ. ಆದರೂ ಪ್ರಯತ್ನ ಮಾಡುತ್ತೇನೆ. ಪರಮೇಶ್ ಅವರು ಕೊರಟಗೆರೆಯಲ್ಲಿ ಹಳೆಯ ಬೈಕುಗಳ ದಲ್ಲಾಳಿಯಾಗಿದ್ದರು. ಈಚೆಗೆ ಬೈಕು ಬಿಟ್ಟು ಫೋನು ಹಿಡಿದು, ‘ಆನ್‌ಲೈನ್ ವ್ಯವಹಾರ ತಜ್ಞರು’ ಎಂದು ಕಾರ್ಡು ಅಚ್ಚು ಹಾಕಿಸಿಕೊಂಡಿದ್ದರು. ಕಾರ್ಡು ಹಂಚಿ ಮುಗಿದಿತ್ತು. ವ್ಯವಹಾರ ಇನ್ನೂ ಶುರುವಾಗಬೇಕಾಗಿತ್ತು.

“ಏನ್ರೀ,” ಎಂದಳು ಲೋಹಿತಾ. “ಫ್ಯಾನ್ ನೋಡಿದ್ದು ಸಾಕು. ಬುಕ್ ಎಲ್ಲಿ?”

“ಬುಕ್ ಅಂದ್ರೆ... ಅದರ ಬಗ್ಗೆ ನಾನೊಂದು ಮಾರ್ಕೆಟ್ ಸ್ಟಡಿ ಮಾಡಿದ್ದೆ ಕಣೆ.”

“ಮಾರ್‌ಬುಟ್ರಾ?”

“ಮಾರಿದ್ದಲ್ಲ. ಫೋನ್‌ನಲ್ಲಿ ಹಾಕಿದ್ದೆ ಅಷ್ಟೆ. ಅದು ತಾನಾಗೇ ಹೋಯ್ತು.”

ಕಮಲಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಳಾಡಿದಳು. ಪಕ್ಕದ ಮನೆಯಿಂದ ನಾಗಭೂಷಣ್ ಓಡಿ ಬಂದು, “ಇನ್ನೂ ಯಾರು ಹೋದ್ರು?” ಎಂದು ಕೇಳಿದ. ಬಂಡೆವೀರ ಎಂದು ತಿಳಿದ ಮೇಲೆ ಅವನೂ ಬಾಗಿಲಲ್ಲಿಯೇ ಕುಳಿತುಬಿಟ್ಟ. ಅವನು ಗಿರಣಿಯ ಹಳೆಯ ಗಿರಾಕಿ.

“ಅಳಿಯಂದ್ರಿಗೆ ನಾನು ಏನೂ ಅನ್ನಾಂಗಿಲ್ಲ,” ಎಂದಳು ಕಮಲಾಕ್ಷಮ್ಮ ಅಳುತ್ತಲೇ. “ನಮ್ಮೆಜಮಾನ್ರು ನೆಮ್ಮದಿಯಾಗಿ ಹೋಗ್ಬೇಕು, ಅಷ್ಟೇ ನಂಗೆ. ನಾಳೆ ಹೊತ್ತಿಗೆ ಆ ಬುಕ್ ಬರ್ಬೇಕು ಬಾವ.”

ಏನೂ ಅನ್ನುವ ಹಾಗಿಲ್ಲವೆಂದು ಅತ್ತೆ ಹೇಳಿದರೆ ಅದಕ್ಕಿಂತ ಹೆಚ್ಚಿಗೆ ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಪರಮೇಶ್ ಅವರು ಚಪ್ಪಲಿ ಹಾಕಿಕೊಂಡರು. ನಮ್ಮಲ್ಲಿ ಸೂತಕವಿಲ್ಲ, ಆದ್ದರಿಂದ ನಾನೂ ಲಿಂಗಪೂಜೆ ಮುಗಿಸಿ ಅವರ ಜೊತೆ ಸಿರಾ ಬಸ್ಸು ಹತ್ತಿದೆ. ಪುಸ್ತಕ ಕೊಂಡವನು ಸಿರಾದಲ್ಲಿದ್ದ.

ಬಸ್ಸಿನಲ್ಲಿ ಅಳಿಯಂದಿರು ನಡೆದದ್ದನ್ನು ವಿವರಿಸಿದರು. ಹಳೆಯ ಚಿತ್ರಕಥೆಗಳನ್ನು ಕೊಳ್ಳುವ ಮಾರುವ ಜನರದೊಂದು ಗುಂಪು ಫೋನಿನಲ್ಲಿದೆಯಂತೆ. ಮಾವನವರು ಆಸ್ಪತ್ರೆಯಲ್ಲಿದ್ದಾಗ ಅವರ ಟ್ರಂಕಿನಲ್ಲಿ ಮೇಲೆಯೇ ಇದ್ದ ಪುಸ್ತಕದ ಚಿತ್ರ ತೆಗೆದು ಇವರು ಅದರಲ್ಲಿ ಹಾಕಿದರಂತೆ. ಕೆಳಗೆ ಏನು ಬರೆಯಬೇಕೆಂದು ತೋಚದೆ, ಬೈಕು ಮಾರುವಾಗ ಬರೆಯುತ್ತಿದ್ದುದನ್ನೇ ಬರೆದಿದ್ದರು. ನನಗೆ ಫೋನು ತೋರಿಸಿದರು: ‘ಸಿಂಗಲ್ ಓನರ್. ಆಕ್ಸಿಡೆಂಟ್ ಇಲ್ಲ. ಕಂಡೀಷನ್ ಎ ಒನ್. ಒಮ್ಮೆ ನೋಡಿದರೆ ಬಿಡುವುದಿಲ್ಲ.’

ಗುಂಪಿನವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಬೇರೆ ಯಾರ ಪ್ರತಿಯಲ್ಲಿಯೂ ಬಂಡೆವೀರನ ಹಣೆಯ ಮೇಲೆ ಆ ಮೂರು ಬಿಳಿಯ ಗೆರೆಗಳಿರಲಿಲ್ಲ. ಅಲ್ಲಿಂದ ಚರ್ಚೆ ಶುರುವಾಯಿತು. ದಾವಣಗೆರೆಯ ಒಬ್ಬರು, ಇದು ಎರಡನೆಯ ಮುದ್ರಣ, ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಅಷ್ಟೂ ಸುಟ್ಟು ಹೋಗಿತ್ತು, ಒಂದು ಪ್ರತಿ ಹೇಗೆ ಉಳಿಯಿತೋ ಎಂದು ಬರೆದರು. ಹಾಸನದ ಇನ್ನೊಬ್ಬರು, ಬೆಂಕಿಯಲ್ಲ ಪ್ರವಾಹ ಎಂದರು. ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಮೂರನೆಯವರು ಬೆಂಕಿ ಮೊದಲು ಬಿತ್ತು, ಆರಿಸಲು ಹೋದಾಗ ಪ್ರವಾಹವಾಯಿತು ಎಂದು ರಾಜಿ ಮಾಡಿಸಿದರು. ಅಷ್ಟರಲ್ಲಿ ಪುಸ್ತಕದ ಬೆಲೆ ಗಿರಣಿಯ ಹೊಸ ಮೋಟಾರಿನ ಬೆಲೆಯನ್ನು ದಾಟಿತ್ತು.

“ಅಳಿಯಂದಿರೇ,” ಎಂದೆ ನಾನು, “ಅದು ವಿಭೂತಿ ಅಂತ ನಿಮಗೆ ಗೊತ್ತಿರಲಿಲ್ವೆ?”

“ಗೊತ್ತಿತ್ತು ದೊಡ್ಡಮಾವ. ಆದ್ರೆ ಅಷ್ಟು ಜನ ತಿಳಿದೋರು ಸೇರ್ಕೊಂಡು ಚರ್ಚೆ ಮಾಡ್ತಿರೋವಾಗ ನಾನು ಮಧ್ಯದಲ್ಲಿ ಬಾಯಿ ಹಾಕೋದು ಮರ್ಯಾದೆ ಅಲ್ಲ ಅಂತ ಸುಮ್ನಾದೆ.”

“ಸರಿ, ಬಂದ ದುಡ್ಡು ವಾಪಸು ಕೊಟ್ಟು ಪುಸ್ತಕ ತರೋಣ.”

ಅಳಿಯಂದಿರು ಕಿಟಕಿಯ ಹೊರಗೆ ನೋಡಿದರು. ಆ ದುಡ್ಡಿನಲ್ಲಿ ಇನ್ನೂ ಒಳ್ಳೆಯ ಚಿತ್ರ ತೆಗೆಯಲೆಂದು ಕಾಲುಗಳ ಮೇಲೆ ನಿಲ್ಲುವ ಒಂದು ದುಂಡು ದೀಪವನ್ನು ಕೊಂಡಿದ್ದರಂತೆ. “ವಾಪಸ್ ಕೊಡ್ಬೇಕು ಅಂದ್ರೆ ದೀಪಾನೇ ಕೊಡ್ಬೇಕು ದೊಡ್ಡಮಾವ. ಒಂದು ಕಾಲು ಸ್ವಲ್ಪ ಲೂಸ್ ಐತೆ.”

ಸಿರಾದಲ್ಲಿ ಪುಸ್ತಕ ಕೊಂಡ ಯಾಸೀನನದು ಹಾಸಿಗೆ ದಿಂಬಿನ ಅಂಗಡಿ. ಮೂವತ್ತರ ಆಸುಪಾಸಿನ, ಗಂಭೀರ ಮುಖದ ಮನುಷ್ಯ. ಅವನ ತಾಯಿ ಚಾಂದ್ ಬಿ ಒಳಗೆ ಕುಳಿತು ದಿಂಬಿಗೆ ಹತ್ತಿ ತುಂಬುತ್ತಿದ್ದರು. ಬಂಡೆವೀರನ ವಿಷಯಕ್ಕೆ ಬಂದಿದ್ದೇವೆ ಎಂದ ಕೂಡಲೇ ಯಾಸೀನ್ ಎದ್ದು ಕೈ ತೊಳೆದು, ಒರೆಸಿಕೊಂಡು, ಬಿಳಿಯ ಕೈಗವಸು ತೊಟ್ಟು, ಹಸಿರು ಬೀರುವನ್ನು ತೆರೆದ. ಒಳಗೆ ಒಂದು ಪುಟ್ಟ ಹಾಸಿಗೆ. ಅದಕ್ಕೆ ತಕ್ಕ ಪುಟ್ಟ ದಿಂಬು. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಂಡೆವೀರನು ಅಂಗಾತ ಮಲಗಿದ್ದ. ನನ್ನ ತಮ್ಮನಿಗೆ ಆಸ್ಪತ್ರೆಯಲ್ಲಿ ಅಂಥ ಹಾಸಿಗೆ ಸಿಕ್ಕಿರಲಿಲ್ಲ.

“ನೋಡ್ರಿ ಯಜಮಾನ್ರೆ, ಇದು ಹಣೆ,” ಎಂದ ಯಾಸೀನ್ ಉಸಿರು ತಾಕದಂತೆ ಮುಖ ತಿರುಗಿಸಿಕೊಂಡು. “ಈ ಮೂರು ಗೆರೆ ಇಡೀ ದುನಿಯಾದಲ್ಲಿ ಇದೊಂದೇ. ಬೆಂಕಿ ಬಿದ್ದು, ಆಮೇಲೆ ಪ್ರವಾಹ ಬಂದು, ಅದರಲ್ಲಿ ಉಳಿದಿದ್ದು. ಕೊಡಲ್ಲ. ಏನು ಕೊಟ್ರೂ ಕೊಡಲ್ಲ.”

ಪರಮೇಶ್ ಅವರು ನನ್ನ ಕಾಲನ್ನು ತುಳಿದರು. ನಾನು ಸುಳ್ಳು ಹೇಳಲಿಲ್ಲ. ಆಗ ತಾನೇ ಚಾಂದ್ ಬಿ ಕೊಟ್ಟ ಚಹಾ ಬಾಯಲ್ಲಿತ್ತು, ಅದು ಬಹಳ ಬಿಸಿಯಿತ್ತು, ಅದಕ್ಕೆ ಮಾತನಾಡಲಾಗಲಿಲ್ಲ. ನುಂಗಿದ ಮೇಲೆ, ತಮ್ಮ ಹೋದದ್ದನ್ನು, ನಾಳೆಯ ಹಾಲು ತುಪ್ಪವನ್ನು, ಕಮಲಾಕ್ಷಮ್ಮನ ಅಳುವನ್ನು ಮಾತ್ರ ಹೇಳಿದೆ.

ಯಾಸೀನನ ಮುಖ ಸಣ್ಣಗಾಯಿತು. “ಪಾಪ, ಅವರದಾ ಬುಕ್ಕು. ಆದ್ರೂ ಯಜಮಾನ್ರೆ, ಸಮಾಧಿ ಅಂದ್ರೆ ಮಣ್ಣು, ಬಿಸ್ಲು, ಹಾಲು, ತುಪ್ಪ. ಒಂದು ತೊಟ್ಟು ಬಿದ್ರೆ ಗ್ರೇಡ್ ಹೋಗ್ತದೆ.”

ಚಾಂದ್ ಬಿ ದಿಂಬನ್ನು ಕೆಳಗಿಟ್ಟರು. “ಯಾಸೀನ್. ಮಯ್ಯತ್ ಆದ ಮನೆಯೋರು ಬಾಗ್ಲಿಗೆ ಬಂದವ್ರೆ. ನೀನು ಗ್ರೇಡ್ ಅಂತೀಯಾ?”

“ಅಮ್ಮೀ, ನಿಂಗೆ ಅರ್ಥ ಆಗಲ್ಲ.”

“ನಿಮ್ಮ ಅಬ್ಬ ಹೋದಾಗ ಅವರ ಇಷ್ಟದ ಖೀರು ಮಾಡಿ ಮೊಹಲ್ಲಾಗೆಲ್ಲ ಹಂಚಿದ್ದು ಯಾರು? ನಾನೇ. ನಂಗೆ ಅರ್ಥ ಆಗ್ತದೆ. ಆ ಅಮ್ಮ ಗಂಡನ ಬುಕ್ಕು ಕೇಳ್ತಾಳೆ. ತಗೊಂಡು ಹೋಗು. ತೋರ್ಸು. ವಾಪಸ್ ತಗೊಂಡ್ ಬಾ. ಬುಕ್ಕು ಸವೆಯಲ್ಲ.”

ಬಹಳ ಹೊತ್ತು ತಲೆ ಕೆರೆದುಕೊಂಡು ಯಾಸೀನ್ ಒಪ್ಪಿದ. ಆದರೆ ಕರಾರುಗಳಿದ್ದವು. ಪುಸ್ತಕವನ್ನು ತಾನೇ ತರುತ್ತೇನೆ, ಯಾರೂ ಮುಟ್ಟಕೂಡದು, ಹಾಲಿನ ಚೊಂಬು ಮಾರು ದೂರದಲ್ಲಿರಬೇಕು, ಕಾಗೆ ಬಂದರೆ ಅದು ಎಡೆಯ ಕಡೆಯಿಂದ ಬರಬೇಕೇ ಹೊರತು ಪುಸ್ತಕದ ಕಡೆಯಿಂದ ಬರಕೂಡದು. ಕಾಗೆಯ ಪರವಾಗಿ ಪರಮೇಶ್ ಅವರೇ ಮಾತು ಕೊಟ್ಟರು.

ಬುಧವಾರ ಬೆಳಿಗ್ಗೆ ಯಾಸೀನ್ ಮೊದಲ ಬಸ್ಸಿಗೇ ಬಂದಿಳಿದ. ಒಂದು ಕೈಯಲ್ಲಿ ಪುಸ್ತಕ ಹಾಸಿಗೆ ಸಮೇತ, ಇನ್ನೊಂದು ಕೈಯಲ್ಲಿ ಕೊಡೆ. ಅವನನ್ನು ನೆಟ್ಟಗೆ ಸಮಾಧಿಯ ಕಡೆ ಕರೆದುಕೊಂಡು ಹೋಗಿಬಿಡಬೇಕೆಂಬುದು ಅಳಿಯಂದಿರ ಯೋಜನೆಯಾಗಿತ್ತು. ಆದರೆ ಕಮಲಾಕ್ಷಮ್ಮ ಬಾಗಿಲಲ್ಲಿ ನಿಂತಿದ್ದಳು.

“ದೂರದಿಂದ ಬಂದವ್ರೆ. ಒಳಗೆ ಕರ್ಕೊಂಡ್ ಬನ್ನಿ.”

“ಅತ್ತೆ, ಹೊತ್ತಾಗ್ತೈತೆ. ಕಾಗೆ ಕಾಯ್ತಿರ್ತವೆ.”

“ಕಾಗೆ ನಮ್ಮನ್ನ ಕಾಯಾಂಗಿಲ್ಲ, ನಾವು ಕಾಗೇನ ಕಾಯೋದು. ಬಾಪ್ಪ ಒಳಗೆ.”

ಯಾಸೀನ್ ಒಳಗೆ ಬಂದ. ನಡುಮನೆಯಲ್ಲಿ ನನ್ನ ತಮ್ಮನ ಫೋಟೋ ಇತ್ತು, ಹಾರವಿತ್ತು, ದೀಪವಿತ್ತು. ಗಂಡನಿಗೆ ಇಷ್ಟವೆಂದು ಕಮಲಾಕ್ಷಮ್ಮ ಟ್ರಂಕಿನ ಅಷ್ಟೂ ಪುಸ್ತಕಗಳನ್ನು ಫೋಟೋದ ಸುತ್ತಲೂ ಸಾಲಾಗಿ ನಿಲ್ಲಿಸಿದ್ದಳು. ವೀರರಿಗೆಲ್ಲ ಮೂರು ಗೆರೆ. ರಾಕ್ಷಸರಿಗೂ ಮೂರು ಗೆರೆ. ಒಂದು ಮೊಸಳೆಗೆ ಮೂರು ಗೆರೆ. ಒಂದು ಪುಸ್ತಕದ ಮೇಲೆ ಮುಖವೇ ಇರಲಿಲ್ಲ, ಬರೀ ವಿಮಾನವಿತ್ತು. ಅದರ ಮೂತಿಗೆ ಮೂರು ಗೆರೆ.

ಯಾಸೀನ್ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಆಮೇಲೆ ಆ ತುದಿಯಿಂದ ಈ ತುದಿಗೆ ನೋಡಿದ.

“ಅಮ್ಮ,” ಎಂದ ಮೆಲ್ಲಗೆ, “ಇದೆಲ್ಲಾ ಯಾರು ಹಚ್ಚಿದ್ದು?”

“ನಮ್ಮೆಜಮಾನ್ರು ಕಣಪ್ಪ,” ಎಂದಳು ಕಮಲಾಕ್ಷಮ್ಮ ಹೆಮ್ಮೆಯಿಂದ. “ಆಯುಧಪೂಜೆ ದಿನ ಒಂದು ಬುಕ್ಕೂ ಬುಡ್ತಿರಲಿಲ್ಲ. ದುಷ್ಟರಿಗೂ ಹಚ್ಚೋರು. ವಿಭೂತಿ ಹಚ್ಚುದ್ರೆ ಬುದ್ಧಿ ಬಂದಾತು ಅನ್ನೋರು.”

ಯಾಸೀನ್ ಪುಸ್ತಕವನ್ನು ಹಾಸಿಗೆ ಸಮೇತ ನನ್ನ ಕೈಗಿಟ್ಟ. ಕೊಡೆಯನ್ನು ಗೋಡೆಗೆ ಒರಗಿಸಿದ. ಪರಮೇಶ್ ಅವರ ಹೆಗಲ ಮೇಲೆ ಕೈ ಹಾಕಿಕೊಂಡು ಜಗಲಿಗೆ ಹೋಗಿ, ಅಲ್ಲಿ ಅವರ ಕೊರಳಪಟ್ಟಿಯನ್ನು ಹಿಡಿದುಕೊಂಡ. ಸಾವಿನ ಮನೆಯಾದ್ದರಿಂದ ದನಿ ಎತ್ತುವ ಹಾಗಿರಲಿಲ್ಲ. ಜಗಳವೆಲ್ಲ ಕಿವಿಯ ಹತ್ತಿರವೇ ನಡೆಯಬೇಕಾಗಿತ್ತು.

“ಬೆಂಕಿ ಬಿದ್ದಿತ್ತಾ? ಪ್ರವಾಹ ಬಂದಿತ್ತಾ?” ಎಂದು ಯಾಸೀನ್ ಹಲ್ಲು ಕಚ್ಚಿ ಕೇಳಿದ.

“ನಾನು ಹೇಳಿದ್ದಲ್ಲ ಅದು. ದಾವಣಗೆರೆಯೋರು ಹೇಳಿದ್ದು,” ಎಂದರು ಪರಮೇಶ್ ಅವರು ಉಸಿರು ಕಟ್ಟಿ.

“ನನ್ನ ದುಡ್ಡು.”

“ದೀಪ ಐತೆ.”

ಅದೇ ಹೊತ್ತಿಗೆ ಪಾವಗಡದಿಂದ ನಮ್ಮ ದಾಯಾದಿ ಗೌರೀಶ್ ಬಂದಿಳಿದ. ಬೀಗರೂ ನೆಂಟರೂ ಅಂಗಳದಲ್ಲಿ ನಿಂತಿದ್ದರು. ಅವರೆಲ್ಲರ ಕಣ್ಣಿಗೆ ಕಂಡದ್ದೇನೆಂದರೆ, ಯಾರೋ ಒಬ್ಬ ಪರ ಊರಿನ ಯುವಕ ಸತ್ತವರ ಅಳಿಯಂದಿರನ್ನು ಬಿಗಿಯಾಗಿ ತಬ್ಬಿಕೊಂಡು, ಗಡಗಡ ನಡುಗುತ್ತ, ಅವರ ಕಿವಿಯಲ್ಲಿ ಬಿಕ್ಕುತ್ತಿದ್ದಾನೆ.

“ಎವರಪ್ಪ ಇವನು? ನಮಗಿಂತ ಜಾಸ್ತಿ ಏಡುಸ್ತಾನೆ,” ಎಂದ ಗೌರೀಶ್, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ.

“ಸಿರಾದಿಂದ ಬಂದವ್ನಂತೆ. ಚನ್ನಮಲ್ಲಣ್ಣನ್ನ ಎಷ್ಟು ಹಚ್ಕೊಂಡಿದ್ನೋ,” ಎಂದಳು ಒಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ.

ಗೌರೀಶ್ ಹೋಗಿ ಯಾಸೀನನ ಬೆನ್ನು ಸವರಿದ. “ಊರ್ಕೋ ನಾಯನ, ಅಳ್ಬೇಡ. ಹೋದೋರು ಹೋದ್ರು, ಏನ್ ಮಾಡಾಕಾಗ್ತೈತೆ. ಬುಡು, ಬುಡು, ಅಳಿಯಂದ್ರಿಗೆ ಉಸ್ರು ಕಟ್ತೈತೆ.” ನಾಲ್ಕು ಜನ ಸೇರಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಬ್ಬರು ನೀರು ಕುಡಿಸಿದರು. ಒಬ್ಬರು ಟವಲಿನಿಂದ ಗಾಳಿ ಹಾಕಿದರು. ಯಾಸೀನನಿಗೆ ಸಿಟ್ಟಿನಿಂದ ಕಣ್ಣಲ್ಲಿ ನೀರೇ ಬಂತು. ಅದನ್ನು ಕಂಡು ಅಂಗಳದಲ್ಲಿದ್ದವರೆಲ್ಲ ಮತ್ತೊಂದು ಸುತ್ತು ಅತ್ತರು. ಪರಮೇಶ್ ಅವರಂತೂ ಆ ದಿನ ಮೊದಲನೆಯ ಬಾರಿಗೆ ಮನಸಾರೆ ಅತ್ತರು. ಅವರ ಕೊರಳು ಉಳುಕಿತ್ತು.

ಸಮಾಧಿ ನಮ್ಮ ಹೊಲದಂಚಿನಲ್ಲಿತ್ತು. ಹಾಲು ಬಿಟ್ಟರು, ತುಪ್ಪ ಬಿಟ್ಟರು, ವಿಭೂತಿ ಪತ್ರೆ ಏರಿಸಿದರು. ಎಲೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು, ಕೋಡುಬಳೆ, ಹೋಳಿಗೆ. ಎಲೆಯ ಪಕ್ಕದಲ್ಲಿ ನಶ್ಯದ ಡಬ್ಬಿ. ಅದರಾಚೆ ಹಾಸಿಗೆಯ ಮೇಲೆ ಬಂಡೆವೀರ, ಮೇಲೆ ಕೊಡೆ. ಪುಸ್ತಕ ಇನ್ನು ಎ ಒನ್ ಅಲ್ಲವೆಂದು ತಿಳಿದಿದ್ದರೂ ಯಾಸೀನನಿಗೆ ಕೊಡೆ ಬಿಚ್ಚಿಡದಿರಲು ಕೈ ಬರಲಿಲ್ಲ. ಎಲ್ಲರೂ ಹಿಂದೆ ಸರಿದು ಬೇವಿನ ಮರದ ಕೆಳಗೆ ನಿಂತರು.

ಕಾಗೆ ಬಂತು. ಬೇಲಿಯ ಮೇಲೆ ಕುಳಿತಿತು. ಎಲೆಯನ್ನು ನೋಡಿತು, ಪುಸ್ತಕವನ್ನು ನೋಡಿತು, ಕೊಡೆಯನ್ನು ನೋಡಿತು. ಅಲ್ಲೇ ಕುಳಿತಿತು.

“ಕೊಡೆ ಕಂಡು ಹೆದರ್ತೈತೆ,” ಎಂದ ನಾಗಭೂಷಣ್. ಕೊಡೆ ಮಡಚಿದರು. ಕಾಗೆ ಕದಲಲಿಲ್ಲ.

“ಸಾರಿಗೆ ಉಪ್ಪು ಜಾಸ್ತಿ ಆಗಿರ್ಬೇಕು,” ಎಂದಳು ಬೀಗಿತಿ. ಸಾರು ಮಾಡಿದವಳು ತಾನು ಉಪ್ಪೇ ಹಾಕಿಲ್ಲವೆಂದಳು. ಹಾಗಾದರೆ ಅದಕ್ಕೇ ಇರಬೇಕು ಎಂದು ಬೀಗಿತಿ ಹೇಳಿದಳು.

ಬಿಸಿಲೇರಿತು. ಕಮಲಾಕ್ಷಮ್ಮ ಕೈಮುಗಿದು ನಿಂತವಳು ನಿಂತಂತೆಯೇ ಇದ್ದಳು. “ಎಲ್ಲಾ ಇಟ್ಟೀನಿ ಕಣ್ರೀ,” ಎಂದಳು ಸಮಾಧಿಗೆ. “ನಿಮ್ಮ ಬಂಡೆವೀರನ್ನೂ ತರ್ಸೀನಿ. ಇನ್ನೇನು ಬೇಕು ಹೇಳಿ.” ಅಲ್ಲಿಯವರೆಗೆ ಉಪ್ಪಿನ ವಿಚಾರ ಮಾತನಾಡುತ್ತಿದ್ದವರೆಲ್ಲ ಕೈಮುಗಿದರು. ಪರಮೇಶ್ ಅವರು ತಲೆ ತಗ್ಗಿಸಿದರು. ಈ ಸಲ ನೋಡಲು ಫ್ಯಾನೂ ಇರಲಿಲ್ಲ.

ಆಗ ಅವಳೇ ಹೇಳಿದಳು. “ಬಾವ, ಅವರು ಯಾವತ್ತಾದ್ರೂ ಬುಕ್ಕನ್ನ ಮುಚ್ಚಿ ಮುಂದೆ ಇಟ್ಕೊಂಡು ಕುಂತಿದ್ದು ನೋಡಿದ್ದೀರಾ? ಕೂಗಿ ಓದ್ಬೇಕು ಅವರಿಗೆ. ಯಾರಾದ್ರೂ ಓದಿ.”

ಪ್ರಾಯಶ್ಚಿತ್ತಕ್ಕೆ ಇದೇ ಸಮಯವೆಂದುಕೊಂಡು ಪರಮೇಶ್ ಅವರು ಮುಂದೆ ಬಂದರು. ಪ್ಲಾಸ್ಟಿಕ್ ಹೊದಿಕೆ ತೆಗೆದರು. ಕೆಮ್ಮಿದರು. ಪುಟ ತಿರುಗಿಸಲೆಂದು ತೋರುಬೆರಳನ್ನು ನಾಲಿಗೆಗೆ ಒತ್ತಿಕೊಂಡರು.

ಯಾಸೀನನ ಬಾಯಿಂದ ಒಂದು ಸದ್ದು ಹೊರಟಿತು. ಅದನ್ನು ಬರೆಯಲು ನನಗೆ ಅಕ್ಷರ ಗೊತ್ತಿಲ್ಲ. ಅವನು ನೆಗೆದು ಬಂದು ಪುಸ್ತಕವನ್ನು ಕಿತ್ತುಕೊಂಡು, “ಎಂಜಲು ಹಚ್ಚೋಕೆ ಇದೇನು ಬಸ್ ಟಿಕೆಟ್ಟಾ? ಸರೀರಿ ಆಕಡೆ, ನಾನೇ ಓದ್ತೀನಿ,” ಎಂದ. ಕೈಗವಸು ತೊಟ್ಟು, ಮಣ್ಣಿನ ಮೇಲೆ ಕುಳಿತು, ಶುರು ಮಾಡಿದ.

ಮೊದಲನೆಯ ಪುಟವನ್ನು ಸಿಟ್ಟಿನಲ್ಲಿಯೇ ಓದಿದ. ಪಾತಾಳದಲ್ಲಿ ಒಂದು ಗಡಿಯಾರವಿದೆ. ಅದು ಹನ್ನೆರಡು ಹೊಡೆದರೆ ಭೂಮಿಯ ಮೇಲಿನ ನದಿಗಳೆಲ್ಲ ಹಿಂದಕ್ಕೆ ಹರಿಯುತ್ತವೆ. ಎರಡನೆಯ ಪುಟಕ್ಕೆ ಸಿಟ್ಟು ಕಡಿಮೆಯಾಯಿತು. ಮೂರನೆಯ ಪುಟದಲ್ಲಿ ಪಾತಾಳದ ರಾಜ ಬಂದ. ಅವನಿಗೆ ಯಾಸೀನ್ ಬೇರೆ ದನಿಯನ್ನೇ ಕೊಟ್ಟ. “ಏ ಬಂಡೆವೀರ, ನಿನ್ನ ಹಣೆ ಗಟ್ಟೀನೋ ನನ್ನ ಕೋಟೆ ಗಟ್ಟೀನೋ ನೋಡೇಬಿಡುವಾ.” ಆ ದನಿಗೆ ಒಬ್ಬ ಹೆಂಗಸು ಹೆದರಿ ಪಕ್ಕದವಳ ಕೈ ಹಿಡಿದುಕೊಂಡಳು. ಬಂಡೆವೀರ ಗೋಡೆಗೆ ಗುದ್ದುವಲ್ಲಿ, “ಇಲ್ಲಿ ಸೌಂಡು ಐತೆ,” ಎಂದು ಯಾಸೀನ್ ತಡವರಿಸಿದ. ಪರಮೇಶ್ ಅವರು ಒಡನೆಯೇ, “ಢಮಾರ್,” ಎಂದರು. ಚೆನ್ನಾಗಿಯೇ ಎಂದರು. ಹಳೆಯ ಬೈಕುಗಳ ಜೊತೆ ಬಾಳಿದವರು ತಾನೆ.

ಅಲ್ಲಿಂದ ಮುಂದೆ ಇಬ್ಬರೂ ಹಂಚಿಕೊಂಡರು. ಮಾತೆಲ್ಲ ಯಾಸೀನನದು, ಸದ್ದೆಲ್ಲ ಪರಮೇಶ್ ಅವರದು. ಬೇವಿನ ಮರದ ಕೆಳಗಿದ್ದವರು ಒಂದೊಂದು ಹೆಜ್ಜೆ ಮುಂದೆ ಬಂದು, ಸಮಾಧಿಯ ಸುತ್ತ ಕುಳಿತುಬಿಟ್ಟರು. ಗಡಿಯಾರದ ಮುಳ್ಳು ಹನ್ನೆರಡರ ಹತ್ತಿರ ಬಂದಾಗ ಬೀಗಿತಿ, “ಅಯ್ಯೋ ಬೇಗ ಹೋಗಪ್ಪ,” ಎಂದು ಬಂಡೆವೀರನಿಗೇ ಹೇಳಿದಳು. ಯಾಸೀನ್ ನೀರು ಕುಡಿಯಲು ನಿಂತಾಗ ಗೌರೀಶ್, “ತರವಾತ ಏನಾಯ್ತು? ಮೊದ್ಲು ಹೇಳು, ಆಮ್ಯಾಕೆ ಕುಡ್ದೀಯಂತೆ,” ಎಂದು ಚೊಂಬು ಕಿತ್ತುಕೊಂಡ. ಕೊನೆಯ ಪುಟದಲ್ಲಿ ಬಂಡೆವೀರನು ಗಡಿಯಾರವನ್ನು ಹಣೆಯಿಂದ ಗುದ್ದಿ ಒಡೆದ. ನದಿಗಳು ಮುಂದಕ್ಕೇ ಹರಿದವು. ಪರಮೇಶ್ ಅವರು ಕೊನೆಯ ಢಮಾರಿಗೆ ತಮ್ಮ ಉಳುಕಿದ ಕೊರಳನ್ನೂ ಲೆಕ್ಕಿಸಲಿಲ್ಲ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ಆಮೇಲೆ ಲೋಹಿತಾ ಎಲೆಯ ಕಡೆ ನೋಡಿದಳು.

ಎಲೆ ಹರಿದಿತ್ತು. ಮುದ್ದೆ ಅರ್ಧ ಹೋಗಿತ್ತು, ಹೋಳಿಗೆ ಪೂರಾ ಹೋಗಿತ್ತು. ಕೋಡುಬಳೆ ಒಂದೂ ಇರಲಿಲ್ಲ. ಬೇಲಿಯ ಮೇಲೆ ಕಾಗೆಯೂ ಇರಲಿಲ್ಲ.

“ಮುಟ್ಟಿತಾ? ಯಾರು ನೋಡಿದ್ರಿ?” ಎಂದು ನಾನು ಕೇಳಿದೆ.

ಯಾರೂ ನೋಡಿರಲಿಲ್ಲ. ಇಪ್ಪತ್ತು ಮೂವತ್ತು ಜನ ಕಾಗೆ ಕಾಯಲೆಂದೇ ಬಂದವರು. ಒಬ್ಬರೂ ಕಾಗೆಯನ್ನು ನೋಡಿರಲಿಲ್ಲ. ನಾಗಭೂಷಣ್ ಹೆಜ್ಜೆ ಗುರುತು ಪರೀಕ್ಷಿಸಿ, ನಾಯಿಯೂ ಇರಬಹುದು ಎಂದ. ಗೌರೀಶ್, ನಾಯಿ ಹುರುಳಿಸಾರು ಬಿಟ್ಟು ಹೋಗುವುದಿಲ್ಲ ಎಂದ. ಸಾರಿಗೆ ಉಪ್ಪಿಲ್ಲದಿದ್ದರೆ ನಾಯಿಯೂ ಬಿಡುತ್ತದೆ ಎಂದಳು ಬೀಗಿತಿ. ಮಾತು ಬೆಳೆದು ದಾವಣಗೆರೆ ಹಾಸನದವರ ಚರ್ಚೆಯ ಮಟ್ಟಕ್ಕೆ ಏರುವುದರಲ್ಲಿತ್ತು. ನಾನು ಕಮಲಾಕ್ಷಮ್ಮನ ಮುಖ ನೋಡಿದೆ. ಅವಳು ನಗುತ್ತಿದ್ದಳು. ಸೋಮವಾರದಿಂದ ಅದೇ ಮೊದಲು.

“ಅವರೂ ಇಂಗೇ ಅಲ್ವೇ ಬಾವ,” ಎಂದಳು. “ಬುಕ್ಕು ಓದ್ತಾ ಕುಂತ್ರೆ, ತಟ್ಟೇಲಿದ್ದದ್ದು ಯಾವಾಗ ತಿಂದ್ರು ಅಂತ ಒಂದ್ ದಿನಾನಾದ್ರೂ ಯಾರಿಗಾದ್ರೂ ಗೊತ್ತಾಗಿತ್ತಾ?”

ಅದಾದ ಮೇಲೆ ನಾಯಿಯ ಮಾತನ್ನು ಯಾರೂ ಎತ್ತಲಿಲ್ಲ.

ಊಟವಾದ ಮೇಲೆ ಪರಮೇಶ್ ಅವರು ಕೊರಟಗೆರೆಯಿಂದ ತರಿಸಿದ ದುಂಡು ದೀಪವನ್ನು ಯಾಸೀನನ ಮುಂದೆ ನಿಲ್ಲಿಸಿದರು. ಅದು ಒಂದು ಕಡೆಗೆ ವಾಲಿ ಬಿತ್ತು. ಯಾಸೀನ್ ಅದನ್ನು ಎತ್ತಿ ಗೋಡೆಗೆ ಒರಗಿಸಿ, “ಇರ್ಲಿ ಬಿಡ್ರಿ,” ಎಂದ. ಪುಸ್ತಕವನ್ನು ಕಮಲಾಕ್ಷಮ್ಮನಿಗೆ ಕೊಡಲು ಹೋದ. ಅವಳು ತೆಗೆದುಕೊಳ್ಳಲಿಲ್ಲ. “ನೀನು ಕೊಂಡೋನು, ನೀನೇ ಇಟ್ಕೊಳಪ್ಪ. ನಿನ್ ಮನೇಲಿ ಅದಕ್ಕೆ ಹಾಸಿಗೆ ಐತೆ. ನಮ್ಮನೇಲಿ ಹಾಸಿಗೆ ಇಲ್ಲ, ಅಳಿಯಂದ್ರು ಅವ್ರೆ.” ಚಾಂದ್ ಬಿಗೆಂದು ಒಂದು ಡಬ್ಬಿ ಹೋಳಿಗೆ ಕಟ್ಟಿಕೊಟ್ಟಳು.

ಆ ವಾರವೇ ಯಾಸೀನ್ ಫೋನಿನ ಗುಂಪಿನಲ್ಲಿ ನಿಜ ಬರೆದನಂತೆ. ಬೆಂಕಿಯೂ ಇಲ್ಲ, ಪ್ರವಾಹವೂ ಇಲ್ಲ, ಇದು ಮಧುಗಿರಿಯ ಗಿರಣಿ ಚನ್ನಮಲ್ಲಯ್ಯನವರು ಹಚ್ಚಿದ ವಿಭೂತಿ, ಅವರು ಈಗಿಲ್ಲ, ಪುಸ್ತಕ ಮಾರಾಟಕ್ಕಿಲ್ಲ ಎಂದು. ಬೆಲೆ ಬಿದ್ದುಹೋಗುತ್ತದೆಂದು ನಾವೆಲ್ಲ ತಿಳಿದಿದ್ದೆವು. ಮರುದಿನ ಹಾಸನದವರು ಮೊದಲಿಗಿಂತ ಹೆಚ್ಚು ಕೊಡುತ್ತೇನೆಂದರಂತೆ. ಯಾಸೀನ್ ಪುಸ್ತಕ ಕೊಡಲಿಲ್ಲ.

ಈ ಸುದ್ದಿ ಪರಮೇಶ್ ಅವರಿಗೂ ಮುಟ್ಟಿತು. ಹನ್ನೊಂದನೆಯ ದಿನದ ಗಣಾರಾಧನೆ ಮುಗಿದ ಸಂಜೆ ಅವರು ದೇವರ ಮನೆಯಿಂದ ಒಂದು ವಿಭೂತಿ ಗಟ್ಟಿ ತೆಗೆದುಕೊಂಡು, ಎಲ್ಲಿಂದಲೋ ತಂದಿದ್ದ ಹಳೆಯ ಚಿತ್ರಕಥೆಗಳಿಗೆ ಮೂರು ಮೂರು ಗೆರೆ ಎಳೆದು, ದುಂಡು ದೀಪದ ಕೆಳಗಿಟ್ಟು ಚಿತ್ರ ತೆಗೆದು ಗುಂಪಿಗೆ ಹಾಕಿದರು. ಗುಂಪಿನವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ದಾವಣಗೆರೆಯವರೂ ಹಾಸನದವರೂ ತಮ್ಮ ಜೀವಮಾನದಲ್ಲಿ ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದರು: ‘ಇದು ಅವರ ಕೈ ಅಲ್ಲ.’ ಇದನ್ನು ಓದಿ ಹೇಳಿದವಳು ಲೋಹಿತಾ. ಆಮೇಲೆ ಅವಳು ತನ್ನ ಗಂಡನಿಗೆ ಏನು ಹೇಳಿದಳೆಂಬುದನ್ನು ನಾನು ಬರೆಯುವುದಿಲ್ಲ. ಅದರಲ್ಲಿ ಬಹುವಚನ ಒಂದೂ ಇರಲಿಲ್ಲ.

ಶಿವನೇ, ನನ್ನ ತಮ್ಮ ಚನ್ನಮಲ್ಲಯ್ಯ ನಿನ್ನಲ್ಲಿಗೆ ಬಂದಿದ್ದಾನೆ. ನನಗಿಂತ ಚಿಕ್ಕವನು, ನನಗಿಂತ ಮುಂಚೆ ಬಂದುಬಿಟ್ಟ. ಅದೊಂದು ತಪ್ಪನ್ನು ಬಿಟ್ಟರೆ ಅವನು ಯಾರಿಗೂ ನೋವು ಮಾಡಿದವನಲ್ಲ. ಬಂದವರ ರಾಗಿಯನ್ನು ನುಣ್ಣಗೆ ಬೀಸಿ ಕೊಟ್ಟವನು, ಹಿಟ್ಟು ಕದ್ದವನಲ್ಲ. ಅಲ್ಲಿ ಗಿರಣಿಯ ಸದ್ದಿರುವುದಿಲ್ಲವೆಂದು ನಂಬಿದ್ದೇನೆ. ಆದರೂ ಅವನು ಕೂಗಿ ಮಾತನಾಡಿದರೆ ಗದರಬೇಡ. ಬಹಳ ವರ್ಷದ ಅಭ್ಯಾಸ. ಅವನ ಆತ್ಮವನ್ನು ನಿನ್ನ ಪಾದದ ನೆರಳಿನಲ್ಲಿ ತಣ್ಣಗೆ ಇಟ್ಟುಕೋ, ತಂದೆ.